ಮಂಜಿನಲ್ಲಿ ಕಟ್ಟಿದ ಕಲ್ಲಿನ ಮನೆ

ಕಡೂರು ಸ್ಟೇಷನ್

ನಾನು ಹುಟ್ಟಾ ಪುಕ್ಕಲು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಸುಲಭ. ಬುಕ್ಕಾಂಬುಧಿ ನನ್ನ ಹುಟ್ಟೂರು. ಅಲ್ಲಿಯ ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗ ನೀರಿನ ಕಡೆಯ ಸೀಟಿನಲ್ಲಿ ನಾನು ಇವತ್ತಿನವರೆಗೂ ಕೂತಿಲ್ಲ. ಇಂಥವನನ್ನು ಇಲಾಖೆಯವರು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕುರಿ ರೋಗಗಳ ತರಬೇತಿಗೆಂದು ಮೂರು ತಿಂಗಳು ಇಂಗ್ಲೆಂಡಿಗೆ ಕಳಿಸಿದರು. ಆಗ ನಾನು ಅಜ್ಜಂಪುರದಲ್ಲಿ ದನದ ಡಾಕ್ಟರು. ಜೊತೆಗೆ ಹೊರಟವನು ಕಡೂರಿನಲ್ಲಿ ಅದೇ ಕೆಲಸದಲ್ಲಿದ್ದ ರಂಗಸ್ವಾಮಿ. ಸಖರಾಯಪಟ್ಟಣದವನು, ನನಗಿಂತ ಆರು ವರ್ಷ ಚಿಕ್ಕವನು, ಕಾಲೇಜಿನಲ್ಲಿದ್ದಾಗ ದೂರದ ಓಟಗಳಲ್ಲಿ ಕಪ್ಪು ಗೆದ್ದವನು. ಅವನಿಗೆ ಭಯ ಅನ್ನುವುದು ಬೇರೆಯವರಿಗೆ ಬರುವ ಒಂದು ಕಾಯಿಲೆ.

ರೈಲಿಗೆ ಕಾಯುತ್ತಿದ್ದಾಗ ರಂಗನ ಹೆಂಡತಿ ಕಮಲ ನನ್ನನ್ನು ಪಕ್ಕಕ್ಕೆ ಕರೆದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕೈಯಲ್ಲಿ ಚಟ್ನಿಪುಡಿ ಡಬ್ಬಿ, ಕಣ್ಣಿನಲ್ಲಿ ನೀರು.

"ಮರುಳಣ್ಣ, ಇವ್ರು ಹಿಂದೆ ಮುಂದೆ ನೋಡಲ್ಲ. ಮುಂದೆ ಏನೈತೆ ಅಂತ ನೋಡ್ದೇನೆ ಓಡ್ಬಿಡ್ತಾರೆ. ನೀವು ನೋಡ್ಕಳಿ. ಕರ್ಕೊಂಡು ಹೋದಂಗೇ ಕರ್ಕೊಂಡ್ಬನ್ನಿ."

"ಆಯ್ತು ಕಣಮ್ಮ, ಅದಕ್ಯಾಕೆ ಅಳ್ತೀಯ" ಅಂದೆ. ಅಂದಿದ್ದೇನೋ ಸುಲಭವಾಗಿ ಅಂದೆ. ಬೀರೂರು ದಾಟುವಷ್ಟರಲ್ಲಿ ಆ ಮಾತು ಹೊಟ್ಟೆಯಲ್ಲಿ ಮುದ್ದೆಯ ಹಾಗೆ ಕೂತಿತ್ತು. ಅದು ಕರಗಲು ಮೂರು ತಿಂಗಳು ಹಿಡಿಯಿತು.

ಎಡ್ನಾ ಅವರ ಮನೆ

ನಮ್ಮನ್ನು ಇಳಿಸಿದ್ದು ಉತ್ತರ ಇಂಗ್ಲೆಂಡಿನ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ, ಎಡ್ನಾ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಮೊದಲ ದಿನವೇ ನನ್ನ ಹಾಸಿಗೆಯೊಳಗೆ ಬಿಸಿನೀರು ತುಂಬಿದ ರಬ್ಬರ್ ಚೀಲವೊಂದು ಸಿಕ್ಕಿತು. ದನದ ಡಾಕ್ಟರಿಗೆ ಅಂಥ ಚೀಲದ ಒಂದೇ ಉಪಯೋಗ ಗೊತ್ತಿರುವುದು, ಎನಿಮಾ ಕೊಡುವುದು. ಈ ಹೆಂಗಸಿಗೆ ನನ್ನ ಹೊಟ್ಟೆಯ ಅವಸ್ಥೆ ಹೇಗೆ ತಿಳಿಯಿತು ಎಂದು ನಾಚಿಕೆಪಟ್ಟು ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ಚಳಿಯಲ್ಲಿ ನಡುಗುತ್ತ ಮಲಗಿದೆ. ಬೆಳಿಗ್ಗೆ ರಂಗ ಹೇಳಿದ, ಅದು ಕಾಲು ಬೆಚ್ಚಗಿಡುವುದಕ್ಕೆ ಅಂತ.

ಅಲ್ಲಿಯ ಜನ ಎದುರಾದರೆ ಊಟ ಆಯಿತೇ ಎಂದು ಕೇಳುವುದಿಲ್ಲ, ಹವಾಮಾನ ಹೇಳುತ್ತಾರೆ. ಮಳೆಯಲ್ಲಿ ನೆನೆಯುತ್ತ ನಿಂತವನಿಗೆ ಮಳೆ ಬರುತ್ತಿದೆ ಎಂದು ಹೇಳುತ್ತಾರೆ, ಅವನೂ ಹೌದು ಎಂದು ಒಪ್ಪಿಕೊಳ್ಳುತ್ತಾನೆ. ಕುರಿಗಳ ಹಿಂದೆ ಕುರಿಯವರಿಲ್ಲ. ಬೆನ್ನಿಗೆ ಕೆಂಪು ನೀಲಿ ಬಣ್ಣ ಬಳಿದು ಬೆಟ್ಟಕ್ಕೆ ಬಿಟ್ಟಿರುತ್ತಾರೆ. ಬೇಲಿ ಇಲ್ಲದಿದ್ದರೂ ತಾಯಿ ಮೇಯ್ದ ಜಾಗ ಬಿಟ್ಟು ಮರಿ ಕದಲುವುದಿಲ್ಲ. ನಮ್ಮ ಕಡೂರು ಸೀಮೆಯಲ್ಲಿ ನೂರು ಕುರಿಯ ಹಿಂದೆ ಮೂರು ಜನ ಕಂಬಳಿ ಹೊದ್ದು ಹೈರಾಣಾಗುವುದನ್ನು ನೋಡಿದ್ದ ರಂಗನಿಗೆ ಇದು ಅನ್ಯಾಯವೆನಿಸಿತು. "ನಮ್ಮ ಕುರಿಗೆ ಇಷ್ಟು ಬುದ್ಧಿ ಇದ್ದಿದ್ರೆ ನಮ್ಮಜ್ಜ ಮೇಷ್ಟ್ರಾಗ್ತಿದ್ದ ಕಣಣ್ಣ" ಅಂದ.

ನಮಗೆ ಕೆಲಸ ಕಲಿಸುತ್ತಿದ್ದ ಫಾರ್ಮಿನಲ್ಲಿ ಆಲನ್ ಎಂಬವನಿದ್ದ. ಮೂವತ್ತರ ಆಸುಪಾಸು, ಕಡ್ಡಿಯಂಥ ಕಾಲು, ಮಾತು ಕಡಿಮೆ. ಅವನಿಗೆ ಬೆಟ್ಟ ಓಡುವ ಹುಚ್ಚು. ಹಳ್ಳಿಯಲ್ಲಿ ಪ್ರತಿವರ್ಷ ಬೆಟ್ಟದ ಓಟವೊಂದು ನಡೆಯುತ್ತದೆ, ಮೂವರು ಸೇರಿದರೆ ಒಂದು ತಂಡ, ಫಾರ್ಮಿಗೆ ಈ ಸಲ ಇಬ್ಬರು ಕಡಿಮೆ ಎಂದು ಒಂದು ದಿನ ಹೇಳಿದ. ರಂಗ ಕೂಡಲೇ ಲಿಂಗದಹಳ್ಳಿಯಿಂದ ಮೇಲೆ ಹತ್ತುವ ನಮ್ಮ ಬೆಟ್ಟಗಳ ವರ್ಣನೆ ಶುರು ಮಾಡಿದ. ನಾವು ಹುಟ್ಟಿದ್ದೇ ಬೆಟ್ಟದಲ್ಲಿ ಎಂಬಂತೆ ಮಾತಾಡಿದ. ನಾನು ಹುಟ್ಟಿದ್ದು ಕೆರೆ ಬಯಲಿನಲ್ಲಿ, ಓಡಿದ್ದೇನಿದ್ದರೂ ಇಂಜೆಕ್ಷನ್ನಿಗೆ ಹೆದರಿ ಹಗ್ಗ ಕಿತ್ತ ಹೋರಿಗಳ ಹಿಂದೆ. ಅಷ್ಟರಲ್ಲಿ ಆಲನ್ ಹಾಳೆಯ ಮೇಲೆ ಮೂರು ಹೆಸರು ಬರೆದಾಗಿತ್ತು.

ಓಟಕ್ಕೆ ದಾರಿ ಯಾವುದು ಎಂದು ಕೇಳಿದೆ. ದಾರಿ ಇಲ್ಲ ಎಂದ. ಮೂರು ಶಿಖರ ಮುಟ್ಟಿ ಬರಬೇಕು, ನಡುವೆ ಎಲ್ಲಿ ಬೇಕಾದರೂ ಹೋಗಬಹುದು, ಗುರುತು ಹಾಕುವುದಿಲ್ಲ, ನಕಾಶೆ, ಕಂಪಾಸು, ಶಿಳ್ಳೆ ಜೊತೆಗಿರಬೇಕು. ತರೀಕೆರೆ ಹೈಸ್ಕೂಲು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ತುಳಿದವನನ್ನು ಹೊರಗೆ ಹಾಕುತ್ತಿದ್ದದ್ದು ನನಗೆ ನೆನಪಾಯಿತು. "ಅದಕ್ಕೇ ಓಟಕ್ಕೆ ಒಂದು ವಾರ ಮುಂಚೆ ಹೋಗಿ ನೋಡಿಕೊಂಡು ಬರುತ್ತೇವೆ. ಭಾನುವಾರ ಸಿದ್ಧರಿರಿ" ಎಂದ ಆಲನ್.

ಭಾನುವಾರ, ಮೊದಲೆರಡು ಶಿಖರ

ಎಡ್ನಾ ನನಗೆ ಚೀಸಿನ ಬ್ರೆಡ್ಡು, ರಂಗನಿಗೆ ಮಾಂಸದ ಬ್ರೆಡ್ಡು ಕಟ್ಟಿಕೊಟ್ಟು, ಎರಡೂ ಪೊಟ್ಟಣದ ಮೇಲೆ ಹೆಸರು ಬರೆದಿದ್ದರು. ನಾನು ಮರುಳಸಿದ್ದಪ್ಪ ಎಂಬ ಹೆಸರನ್ನು ಅವರಿಗೆ ಮೂರು ಸಲ ಹೇಳಿಕೊಟ್ಟಿದ್ದೆ. ಪೊಟ್ಟಣದ ಮೇಲೆ "ಮಾರ್ಲಿ" ಎಂದಿತ್ತು. ಆವತ್ತಿನಿಂದ ಆ ಹಳ್ಳಿಗೆಲ್ಲ ನಾನು ಮಾರ್ಲಿ.

ನಾನು ಹಣೆಗೆ ವಿಭೂತಿ ಹಚ್ಚಿ, ಉಳಿದದ್ದನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟೆ. ಇದು ನನ್ನ ದಿನದ ಪದ್ಧತಿ. ಬೆಟ್ಟದ ಬುಡದಲ್ಲಿ ಎದೆಯೆತ್ತರದ ಕಲ್ಲುಗೋಡೆಗಳು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ, ಆದರೂ ಅಲುಗದೆ ಬೆಟ್ಟದ ನೆತ್ತಿಯವರೆಗೂ ಹೋಗಿದ್ದವು. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ದಾಟುವವರಿಗೆ ಮೆಟ್ಟಿಲು. ಆಚೆ ಕಡೆ ಇಳಿದ ಮೊದಲ ಹೆಜ್ಜೆಗೇ ನನ್ನ ಎಡಗಾಲು ಮೊಣಕಾಲಿನವರೆಗೆ ಹುದುಲಿನಲ್ಲಿ ಹೂತುಹೋಯಿತು. ಕಾಲು ಬಂತು, ಬೂಟು ಬರಲಿಲ್ಲ. ಆಲನ್ ಭುಜದವರೆಗೆ ಕೈ ಹಾಕಿ, ಹಸುವಿನ ಹೊಟ್ಟೆಯಿಂದ ಕರು ತೆಗೆಯುವ ಹಾಗೆ, ಬೂಟನ್ನು ಹೊರಗೆಳೆದ. ರಂಗ ನಗುತ್ತ ಕೂತುಬಿಟ್ಟ.

ಮೊದಲ ಶಿಖರದ ಮೇಲೆ ಬಿಸಿಲಿತ್ತು. ಕೆಳಗೆ ಎರಡು ಸರೋವರ, ಒಂದರಲ್ಲಿ ಬಿಳಿಯ ಹಾಯಿದೋಣಿ. ಬುಕ್ಕಾಂಬುಧಿಯ ಕೆರೆಯಷ್ಟು ದೊಡ್ಡದಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ. ಆಲನ್ ತೋರಿಸಿದ್ದನ್ನೆಲ್ಲ ನಾನು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಗೋಡೆಯ ಮೂಲೆಯಿಂದ ಬಲಕ್ಕೆ, ಹುಲ್ಲು ತಿಳಿಹಸಿರಾಗಿ ಕಂಡರೆ ತುಳಿಯಬಾರದು, ಕುರಿಯ ಕಾಲುದಾರಿ ಹಿಡಿದರೆ ಕೆಸರಿಲ್ಲ. ರಂಗ ಏನನ್ನೂ ಬರೆದುಕೊಳ್ಳಲಿಲ್ಲ. "ನೀವಿದ್ದೀರಲ್ಲಣ್ಣ" ಅಂದ.

ನನ್ನನ್ನು ಹೆದರಿಸಿದ್ದು ಎತ್ತರ ಅಲ್ಲ, ಜನ ಇಲ್ಲದಿರುವುದು. ನಮ್ಮ ಕಡೆ ಯಾವ ಬೆಟ್ಟಕ್ಕೆ ಹೋದರೂ ಸೌದೆಯವರೋ ದನದವರೋ ಎದುರಾಗುತ್ತಾರೆ, ನಾವು ಕೇಳದಿದ್ದರೂ ಅವರೇ ಯಾವೂರು, ಎಲ್ಲಿಗೆ, ಯಾಕೆ ಎಂದು ಕೇಳಿ ದಾರಿಗೆ ಹಚ್ಚುತ್ತಾರೆ. ಇಲ್ಲಿ ಎರಡನೆಯ ಶಿಖರದವರೆಗೆ ನಮ್ಮನ್ನು ಕೇಳಿದ್ದು ಒಂದು ಕಾಗೆ ಮಾತ್ರ.

ಭಾನುವಾರ ಮಧ್ಯಾಹ್ನ, ಮೂರನೆಯ ಶಿಖರ

ಮೂರನೆಯದರ ನೆತ್ತಿ ಅಗಲವಾದ ಬಯಲು, ತುಂಬ ಒಡೆದ ಕಲ್ಲು. ನಾವು ಅಲ್ಲಿಗೆ ಹತ್ತುವುದಕ್ಕೂ ಮಂಜು ಬರುವುದಕ್ಕೂ ಸರಿಹೋಯಿತು. ಮಂಜು ಎಂದರೆ ನಮ್ಮ ಮಾರ್ಗಶಿರದ ಬೆಳಗಿನ ಮಂಜಲ್ಲ. ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ಇಳಿಯುವ ಜಾಗ ಆಲನ್‌ಗೂ ಸಿಗಲಿಲ್ಲ. ಸ್ವಲ್ಪ ಸುತ್ತಾಡಿದ ಮೇಲೆ, ಮೂವರೂ ಅಲೆಯುವುದು ಬೇಡ ಎಂದು ನನ್ನನ್ನು ಒಂದು ಕಡೆ ನಿಲ್ಲಿಸಿದ.

"ಮಾರ್ಲಿ, ಇಲ್ಲಿಂದ ಒಂದು ಹೆಜ್ಜೆ ಕದಲಬೇಡ. ಆಗಾಗ ಶಿಳ್ಳೆ ಊದುತ್ತಿರು. ನಾವು ಇಳಿಯುವ ಗೋಡೆ ಹುಡುಕಿ ಬರುತ್ತೇವೆ."

ಅವನೂ ರಂಗನೂ ನಾಲ್ಕು ಹೆಜ್ಜೆ ಹೋದರು, ಇಲ್ಲವಾದರು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ನಾನು ಶಿಳ್ಳೆ ಊದಿದೆ, ಉತ್ತರವಿಲ್ಲ. ರಂಗ ಎಲ್ಲೋ ಓಡಿಬಿಟ್ಟಿದ್ದಾನೆ, ಮುಂದೆ ಏನಿದೆ ಎಂದು ನೋಡದೆ ಓಡಿಬಿಟ್ಟಿದ್ದಾನೆ ಎಂದು ಮನಸ್ಸು ಹೇಳತೊಡಗಿತು. ಕಡೂರು ಪ್ಲಾಟ್‌ಫಾರಂ ಮೇಲೆ ನಾನೊಬ್ಬನೇ ಇಳಿಯುವುದು, ಕಮಲ ನನ್ನ ಹಿಂದೆ ಇನ್ನೊಬ್ಬರನ್ನು ಹುಡುಕುವುದು ಕಣ್ಣಿಗೆ ಕಟ್ಟಿತು. ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ, ನಲವತ್ತರ ಹತ್ತಿರದ ಗಂಡಸು ಪರದೇಶದ ಬೆಟ್ಟದ ಮೇಲೆ ನಿಂತು ಅತ್ತೆ.

ಆಮೇಲೆ ನನ್ನ ಕೈಗಳು ತಾವಾಗಿಯೇ ಒಂದು ಕೆಲಸ ಶುರು ಮಾಡಿದವು. ನಮ್ಮ ಕಡೆ ಬೆಟ್ಟದ ಮೇಲಿನ ದೇವರಿಗೆ ಹೋದವರು ದಾರಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಹರಕೆ ಹೊರುತ್ತಾರೆ. ಮನೆ ಕಟ್ಟಿಸುವ ಆಸೆ ಇದ್ದವರು ಕಟ್ಟುತ್ತಾರೆ, ಮಗಳಿಗೆ ಗಂಡು ಬೇಕಾದವರು ಕಟ್ಟುತ್ತಾರೆ, ಊರು ಬಿಟ್ಟವನು ಮನೆ ಸೇರಲಿ ಎಂದೂ ಕಟ್ಟುತ್ತಾರೆ. ನಮ್ಮವ್ವ ಅಂಥದ್ದನ್ನು ಎಷ್ಟು ಕಟ್ಟಿದ್ದಳೋ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಕೆಡವುವ ಮಾತಂತೂ ಇಲ್ಲವೇ ಇಲ್ಲ. ನಾನು ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಇಟ್ಟು ಬಾಗಿಲು ಮಾಡಿದೆ. ಒಳಗೆ ಚಿಟಿಕೆ ವಿಭೂತಿ ಇಟ್ಟೆ. "ರಂಗ ಸುಖವಾಗಿ ಊರು ಮುಟ್ಟಲಿ" ಎಂದು ಬೇಡಿಕೊಂಡು ಸುತ್ತ ಕಲ್ಲು ಪೇರಿಸತೊಡಗಿದೆ. ಊರಿನಲ್ಲಿ ಗೇಣುದ್ದದ ಮನೆ ಸಾಕು. ಇಲ್ಲಿ ಕಲ್ಲಿಗೆ ಬರವಿಲ್ಲ, ನನ್ನ ಭಯಕ್ಕೂ ಬರವಿರಲಿಲ್ಲ. ಸೊಂಟದೆತ್ತರ ಬಂತು.

ಆಗ ರಂಗನ ಕೂಗು ಕೇಳಿಸಿತು. ಗೋಡೆ ಸಿಕ್ಕಿದೆ, ಆಲನ್ ಗೋಡೆಯ ಬಳಿಯೇ ನಿಂತು ಶಿಳ್ಳೆಯ ಜಾಡು ಹಿಡಿದು ಹೋಗಿ ಕರೆತಾ ಎಂದು ಇವನನ್ನು ಕಳಿಸಿದ್ದಾನೆ.

"ಏನಣ್ಣ ಇದು, ಅಷ್ಟೊತ್ತಿಗೆ ಮನೇನೇ ಕಟ್ಬಿಟ್ರಾ?"

"ನಿನಗೋಸ್ಕರ ಕಣೋ. ನಗಬೇಡ."

ಅವನು ನಗಲಿಲ್ಲ. ಸುತ್ತ ಹುಡುಕಿ, ತೆಂಗಿನಕಾಯಿ ಗಾತ್ರದ ಬೆಳ್ಳಗಿನ ಕಲ್ಲೊಂದನ್ನು ತಂದು ತುದಿಯಲ್ಲಿಟ್ಟು ಕೈಮುಗಿದ. ನಾವಿಬ್ಬರೂ ಗೋಡೆಯ ಕಡೆ ನಡೆದೆವು.

ಗೋಡೆ ಹಿಡಿದು ಕೆಳಗಿಳಿದಾಗ ಮಂಜು ತುಸು ಸರಿಯಿತು. ಆಲನ್ ಮೇಲಕ್ಕೆ ಕೈತೋರಿಸಿ ರಂಗನಿಗೆ ವಿವರಿಸುತ್ತಿದ್ದ: ಗೋಡೆಯ ದಾರಿ ಬಳಸು, ಓಟದ ದಿನ ಇದರಲ್ಲಿ ಬಂದರೆ ತಡವಾಗುತ್ತದೆ, ನೆತ್ತಿಯ ಮೇಲೆ ಒಂದು ಕಲ್ಲುಗುಡ್ಡೆ ಇದೆ, ಇವತ್ತು ಮಂಜಿನಲ್ಲಿ ಸಿಗಲಿಲ್ಲ, ಅದನ್ನು ಮುಟ್ಟಿ ಮುಖ ಕೆಳಗಿನ ಹೊಳೆಯ ಕಡೆ ಮಾಡಿ, ಯೋಚನೆ ಮಾಡದೆ ನೆಟ್ಟಗೆ ಇಳಿದುಬಿಡಬೇಕು, ಅದರ ಎಡಗಡೆಗೆ ಮಾತ್ರ ಹೋಗಬಾರದು, ಹುಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ಹುಲ್ಲು ಮುಗಿದಲ್ಲಿ ಬಂಡೆ ಕಡಿದುಹೋಗಿದೆ. ರಂಗ ತಲೆಯಾಡಿಸಿದ. ನಾನು ಬೂಟು ಬಿಚ್ಚಿ ಹಿಮ್ಮಡಿಯ ಗುಳ್ಳೆ ನೋಡಿಕೊಳ್ಳುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗಿಳಿಯಲಿಲ್ಲ. ಆ ದಿನ ನನ್ನ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.

ಗುರುವಾರ, ಕುರಿ ರೊಪ್ಪ

ಗುರುವಾರ ಕುರಿಗಳನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವ ಕೆಲಸ. ರಂಗನನ್ನು ಆಲನ್ ಬೇರೊಂದು ಫಾರ್ಮಿಗೆ ಕರೆದೊಯ್ದಿದ್ದ. ನನ್ನ ಜೊತೆ ಇದ್ದವರು ಎಪ್ಪತ್ತು ದಾಟಿದ ಕುರಿಯವರು, ಹೆಸರು ಜ್ಯಾಕ್. ನಾನು ಮನಸ್ಸಿನಲ್ಲಿ ಜ್ಯಾಕಜ್ಜ ಎನ್ನುತ್ತಿದ್ದೆ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ, ಸಖರಾಯಪಟ್ಟಣದ ಕುರಿಯವರು ಹೇಳಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೆ ನನ್ನ ಕಿವಿಯೇ ತುಂಬಿಕೊಳ್ಳುತ್ತಿತ್ತು. ಅದನ್ನು ಹಾಗೆಯೇ ಬರೆಯುತ್ತೇನೆ.

ಕುರಿಯ ಕತ್ತು ಹಿಡಿದು ನೀರಿಗೆ ಅದುಮುತ್ತಲೇ ಅಜ್ಜ ಹೇಳಿದರು. "ಮ್ಯಾಲಿನ ಕಲ್ಲುಗುಡ್ಡೆ ನಮ್ಮಜ್ಜ ಕಟ್ಟಿದ್ದು. ನಮ್ಮ ಬೆಟ್ಟದಾಗೆ ಕಲ್ಲಿನ ಮ್ಯಾಲೆ ಕಲ್ಲು ಸುಮ್ನೆ ಯಾರೂ ಇಡಾಕಿಲ್ಲ ಕಣಪ್ಪ. ಇಟ್ರೆ, ಇಲ್ಲಿಂದ ದಾರಿ ಐತೆ ಅಂತ ಮಾತು ಕೊಟ್ಟಂಗೆ. ಮಂಜಿನಾಗೆ ಬಂದೋನು ಕಲ್ಲುಗುಡ್ಡೆ ಕಂಡ್ರೆ ಅದನ್ನ ನಂಬ್ಕೊಂಡು ಕಾಲಿಕ್ತಾನೆ."

ನನ್ನ ಕೈಲಿದ್ದ ಕುರಿ ಜಾರಿ ತೊಟ್ಟಿಗೆ ಬಿತ್ತು. ಔಷಧಿ ನೀರು ನನ್ನ ಮುಖಕ್ಕೆಲ್ಲ ಹಾರಿತು. ಆಲನ್ ಭಾನುವಾರ ಹೇಳಿದ ಮಾತು ಆಗ ಒಂದೊಂದಾಗಿ ತಲೆಗಿಳಿಯಿತು. ಕಲ್ಲುಗುಡ್ಡೆಯಿಂದ ನೆಟ್ಟಗೆ. ಎಡಗಡೆಗೆ ಹೋಗಬಾರದು. ನಾನು ಕಟ್ಟಿದ್ದು ಎಲ್ಲಿ? ಮನಸ್ಸಿನಲ್ಲೇ ಗೋಡೆ ಹಿಡಿದು ಮೇಲೆ ಹೋಗಿ, ಹೊಳೆಯ ಕಡೆ ಮುಖ ಮಾಡಿ ನೆನಪು ಮಾಡಿಕೊಂಡರೆ, ಎಡಗಡೆಗೇ. ಶನಿವಾರ ಎಂಬತ್ತು ತೊಂಬತ್ತು ಜನ ಆ ನೆತ್ತಿಯ ಮೇಲೆ ಓಡುತ್ತಾರೆ. ಮಂಜು ಬಂದರೆ ನನ್ನ ಹರಕೆ ಅವರಲ್ಲಿ ಯಾರನ್ನು ಬಂಡೆಯಿಂದ ಕೆಳಕ್ಕೆ ಕಳಿಸುತ್ತದೋ.

ಅಜ್ಜನ ಹತ್ತಿರ ಬಾಯಿಬಿಡಲಾಗಲಿಲ್ಲ. ಆಲನ್‌ಗೆ ಹೇಳಲು ನಾಚಿಕೆ. ದೇಶ ಬಿಟ್ಟು ಬಂದು, ಉಂಡ ಮನೆಯ ಬೆಟ್ಟದಲ್ಲಿ ಇಂಥ ಕೆಲಸ ಮಾಡಿದೆನಲ್ಲ ಎಂಬ ನಾಚಿಕೆ. ರಂಗನಿಗಾದರೂ ಹೇಳಬಹುದಿತ್ತು. ಆದರೆ ಯಾರ ಕ್ಷೇಮಕ್ಕೆಂದು ಕಟ್ಟಿದೆನೋ ಅವನ ಮುಂದೆಯೇ, ಅದನ್ನು ಕೆಡವಬೇಕು ಎಂದು ಹೇಗೆ ಹೇಳಲಿ? ಕೆಡವದಿದ್ದರೆ ಯಾರದೋ ಮನೆ ಹಾಳು. ಕೆಡವಿದರೆ ಹರಕೆ ಮುರಿದ ಹಾಗೆ, ಅದೂ ಅವನು ಓಡುವ ಹಿಂದಿನ ದಿನ. ಬಿ.ವಿ.ಎಸ್ಸಿ. ಓದಿದವನು ಹೀಗೆಲ್ಲ ನಂಬಬಹುದೇ ಎಂದು ನೀವು ಕೇಳಬಹುದು. ಆ ಮಂಜಿನಲ್ಲಿ ನಿಂತಿದ್ದರೆ ನೀವೂ ನಂಬುತ್ತಿದ್ದಿರಿ.

ಶುಕ್ರವಾರ, ಒಬ್ಬನೇ

ಬೆಳಿಗ್ಗೆ ಹೊಟ್ಟೆ ಕೆಟ್ಟಿದೆ ಎಂದು ರಜೆ ಕೇಳಿದೆ. ಪೂರ್ತಿ ಸುಳ್ಳೇನಲ್ಲ. ಎಡ್ನಾ ಶುಂಠಿ ಬಿಸ್ಕತ್ತು ಕೊಟ್ಟು ಮಲಗು ಎಂದರು. ಅವರು ಅಂಗಡಿಗೆ ಹೋದ ಕೂಡಲೆ ಶಿಳ್ಳೆಯನ್ನೂ ಪುಸ್ತಕವನ್ನೂ ತೆಗೆದುಕೊಂಡು ಹೊರಟೆ. ಬೆಟ್ಟವನ್ನು ಒಬ್ಬನೇ ಹತ್ತಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಹೊಳೆಯಿಂದ ನೇರ ಮೂರನೆಯ ಶಿಖರಕ್ಕೆ ಹೋಗುವ ಗೋಡೆಯ ಮೇಲೆ ಕೈ ಇಟ್ಟವನು, ನೆತ್ತಿ ಬರುವವರೆಗೆ ತೆಗೆಯಲಿಲ್ಲ. ಅರ್ಧ ದಾರಿಗೆ ಮಂಜು ಬಂತು. ಹಿಂತಿರುಗಲು ಅಷ್ಟು ಒಳ್ಳೆಯ ನೆಪ ಇನ್ನೊಂದಿರಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಈಗಲೂ ತಿಳಿಯದು.

ಗೋಡೆ ಮುಗಿದ ಮೇಲೆ ಹೆಜ್ಜೆ ಎಣಿಸುತ್ತ ಹೋದೆ. ಒಂದು ಕಲ್ಲುಗುಡ್ಡೆ ಎದುರಿಗೆ ಬಂತು, ಸೊಂಟದೆತ್ತರ. ಇದೇ ಇರಬೇಕು ಎಂದು ಮೇಲಿನ ಕಲ್ಲಿಗೆ ಕೈ ಹಾಕಿದವನು ತಡೆದೆ. ಇದು ಅಜ್ಜನ ಅಜ್ಜ ಕಟ್ಟಿದ್ದಾದರೆ? ತಪ್ಪನ್ನು ಉಳಿಸಿ ಸರಿಯನ್ನು ಕೆಡವಿದರೆ? ಮಂಡಿಯೂರಿ ಬುಡದ ಸುತ್ತ ಕೈಯಾಡಿಸಿದೆ. ಬಾಗಿಲಿರಲಿಲ್ಲ. ಕಲ್ಲುಗಳೂ ಹಾವಸೆ ಕಟ್ಟಿ ಮೆತ್ತಗಿದ್ದವು. ಎದ್ದು ಹೊಳೆಯ ಕಡೆ ಮುಖ ಮಾಡಿ ನಿಂತು, ಅಲ್ಲಿಂದ ಎಡಕ್ಕೆ ಐವತ್ತು ಹೆಜ್ಜೆ ಹೋದೆ. ಇನ್ನೊಂದು ಗುಡ್ಡೆ ಕಂಡಿತು, ತುದಿಯಲ್ಲಿ ಬೆಳ್ಳಗೆ ಏನೋ. ಕೂತು ಕೈಯಾಡಿಸಿದೆ. ಎರಡು ಕಲ್ಲು, ಮೇಲೊಂದು ಚಪ್ಪಡಿ. ಒಳಗೆ ಬೆರಳಿಟ್ಟೆ. ವಾರವೆಲ್ಲ ಮಳೆ ಬಂದಿದ್ದರೂ ವಿಭೂತಿ ಒಣಗಿಯೇ ಇತ್ತು, ಬೆರಳಿಗೆ ಹತ್ತಿತು.

ಒದ್ದು ಬೀಳಿಸಿದ್ದರೆ ಅರೆಗಳಿಗೆಯ ಕೆಲಸ. ಕಾಲು ಬರಲಿಲ್ಲ. ರಂಗನ ಬಿಳಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು, "ಅವನ ಮೇಲೆ ಹಾಕಬೇಡ, ನನ್ನ ಮೇಲೆ ಹಾಕು" ಎಂದು ದೇವರಿಗೆ ಹೇಳಿ, ಒಂದೊಂದೇ ಕಲ್ಲು ಇಳಿಸತೊಡಗಿದೆ. ಅರ್ಧ ಇಳಿದಿತ್ತು. ಯಾವುದೋ ಒದ್ದೆ ಮೂತಿ ನನ್ನ ಕಿವಿಗೆ ತಗಲಿತು. ನಾನು ಹಾಕಿದ ಕೂಗು ಎಡ್ನಾಗೆ ಕೇಳಿಸಿರಬೇಕು. ನಾಯಿ. ಅದರ ಹಿಂದೆ ಕೋಲೂರಿಕೊಂಡು ಜ್ಯಾಕಜ್ಜ.

"ಬಂದ್ಯಾ? ಇವತ್ತು ಸಂಜೆ ಮಟ ಕಾಯಾಣ ಅಂತಿದ್ದೆ. ಬರ್ಲಿಲ್ಲ ಅಂದ್ರೆ ನಾನೇ ತೆಗೀಬೇಕಾಗಿತ್ತು."

"ನಿಮಗೆ ಗೊತ್ತಿತ್ತಾ?"

"ಮಂಗಳವಾರ ಕುರಿ ನೋಡಾಕೆ ಬಂದಾಗ ಕಂಡೆ. ಸಿಟ್ಟು ಬಂತು, ಒದೆಯಾಕೆ ಕಾಲೆತ್ತಿದ್ದೆ. ಆಮ್ಯಾಲೆ ನೋಡಿದ್ರೆ ಬಾಗ್ಲು. ಬಾಗ್ಲಿದ್ರೆ ಮನೆ ಅಲ್ವಾ? ಬಗ್ಗಿ ನೋಡ್ದೆ, ಒಳಗೆ ಬೂದಿ." ಅಜ್ಜ ಕೋಲಿನ ತುದಿಯಿಂದ ನನ್ನ ಹಣೆಯನ್ನು ತೋರಿಸಿದರು. "ಈ ಊರಾಗೆ ಬೂದಿ ಹಚ್ಕೊಂಡು ತಿರುಗೋನು ನೀನೊಬ್ನೇ. ಯಾರ ಮನೇನೋ ಏನೋ, ಕಟ್ಟಿದೋನೇ ಬಂದು ತೆಗೀಲಿ ಅಂತ ನಿನ್ನೆ ಆ ಮಾತು ಅಂದೆ."

ನಾನು ಎಲ್ಲವನ್ನೂ ಹೇಳಿದೆ. ಕಮಲ ಹೇಳಿದ್ದು, ನಾನು ಹೆದರಿದ್ದು, ಹರಕೆ. ನನ್ನ ಇಂಗ್ಲಿಷು ಅವರಿಗೂ ಅರ್ಧವೇ ತಿಳಿದಿರಬೇಕು. ಅವರು ಬಗ್ಗಿ ಎರಡು ಕಲ್ಲು ಕಂಕುಳಿಗೆ ಇರುಕಿಕೊಂಡರು.

"ಎತ್ಕೋ. ಇವನ್ನ ಇಲ್ಲಿ ಚೆಲ್ಲಬ್ಯಾಡ. ಆ ಗುಡ್ಡೆ ಮ್ಯಾಲೆ ಹಾಕಾಣ. ಅದಕ್ಕೂ ಕಲ್ಲು ಬೇಕಾಗೈತೆ, ಪ್ರತಿ ಚಳಿಗಾಲಕ್ಕೂ ಒಂದಿಷ್ಟು ಉದುರ್ತಾವೆ."

ಐವತ್ತು ಹೆಜ್ಜೆ ಅತ್ತ, ಐವತ್ತು ಹೆಜ್ಜೆ ಇತ್ತ. ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ. ಕೊನೆಗೆ ಬುಡದ ಚಪ್ಪಡಿಯನ್ನೂ ಹೊತ್ತೆವು. ವಿಭೂತಿಯನ್ನು ಕಾಗದಕ್ಕೆ ಬಳಿದು ಹೊಸ ಜಾಗದ ಸಂದಿಯೊಂದರಲ್ಲಿಟ್ಟೆ. ಅಜ್ಜನ ಅಜ್ಜ ಕಟ್ಟಿದ ಗುಡ್ಡೆ ನನ್ನ ಎದೆಯವರೆಗೆ ಬಂತು. ರಂಗನ ಬಿಳಿ ಕಲ್ಲನ್ನು ಎಲ್ಲಿಡಲಿ ಎಂದು ನೋಡಿದೆ. ಅಜ್ಜ ಗದ್ದದಿಂದ ತುದಿಯ ಕಡೆ ತೋರಿಸಿದರು.

ಶನಿವಾರ, ಓಟ

ಶನಿವಾರ ಮಂಜು ಬಾರದಿರಲಿ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡಿದ್ದೆ. ಅವು ನಮ್ಮ ಸೀಮೆಯ ದೇವರುಗಳು, ಅಲ್ಲಿಯ ಹವಾಮಾನ ಅವುಗಳ ಕೈಯಲ್ಲಿರಲಿಲ್ಲ. ಮೊದಲ ಶಿಖರದಿಂದಲೇ ಬೆಟ್ಟ ಕಾಣಿಸಲಿಲ್ಲ. ಪೀಪಿ ಊದಿದ ಕೂಡಲೆ ರಂಗ ಮುಂದಿನ ಸಾಲಿನ ಜೊತೆ ಹೊರಟೇಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಕೊನೆಯಲ್ಲಿ, ಮೊಮ್ಮಕ್ಕಳಿದ್ದ ಒಬ್ಬ ಟಪಾಲಿನವರ ಜೊತೆ, ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಬಾಯಿಪಾಠ ಹೇಳುತ್ತ ಓಡಿದೆ. ಓಡಿದೆ ಎಂದರೆ ಅಜ್ಜಂಪುರದ ಜನ ನಗುತ್ತಾರೆ. ನಿಲ್ಲಲಿಲ್ಲ ಎನ್ನಬಹುದು.

ಮೂರನೆಯ ನೆತ್ತಿಯಲ್ಲಿ ಮಂಜಿನೊಳಗಿಂದ ಬಿಳಿ ಕಲ್ಲು ಕಂಡಾಗ ಅದನ್ನು ಮುಟ್ಟಿದೆ. ಎಲ್ಲ ಸರಿಯಾಗಿದೆ ಎಂದು ಗೊತ್ತಿದ್ದೂ ಕಾಲು ಮುಂದಕ್ಕೆ ಬರಲಿಲ್ಲ. ನಿನ್ನೆ ಮಂಜಿನಲ್ಲಿ ನಾನೂ ಅಜ್ಜನೂ ದಿಕ್ಕು ತಪ್ಪಿ ಎಲ್ಲವನ್ನೂ ಎಡಕ್ಕೇ ಹೊತ್ತಿದ್ದರೆ? ಬುಡಕ್ಕೆ ಕೈ ಹಾಕಿ ಹಾವಸೆ ಮುಟ್ಟಿನೋಡಿಕೊಂಡೆ. ಟಪಾಲಿನವರು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದರು. ಇಲ್ಲ ಎಂದು ನೆಟ್ಟಗೆ ಇಳಿದೆ.

ಹಳ್ಳಿಯ ಮೈದಾನಕ್ಕೆ ಬಂದಾಗ ನನ್ನ ಹಿಂದೆ ಯಾರೂ ಇರಲಿಲ್ಲ, ಟಪಾಲಿನವರು ಕೊನೆಯ ಹೊಲದಲ್ಲಿ ನನ್ನನ್ನು ಹಿಂದಿಕ್ಕಿದ್ದರು. ನಾನು ಬಾರದೆ ತಂಡ ಲೆಕ್ಕಕ್ಕಿಲ್ಲವಾದ್ದರಿಂದ ಫಾರ್ಮಿನವರೆಲ್ಲ ಕಾಯುತ್ತ ನಿಂತಿದ್ದರು. ನನಗೆ ಬೇಕಾಗಿದ್ದ ಮುಖ ಒಂದೇ. ಅದು ಟೀ ಲೋಟ ಹಿಡಿದು, ಕೆಸರು ಮೆತ್ತಿಕೊಂಡು, ಬೇಲಿಗೆ ಒರಗಿ ನಗುತ್ತಿತ್ತು. ಮೊದಲ ಹತ್ತು ಜನರೊಳಗೆ ಬಂದಿದ್ದನಂತೆ, ಆಲನ್‌ಗಿಂತಲೂ ಮುಂದೆ.

"ಎಲ್ಲಿ ಮುಂದೆ ಹೋದೆ ಹೇಳ್ಲಾ ಅಣ್ಣ? ಮೂರನೇ ಬೆಟ್ಟದ ಮ್ಯಾಲೆ. ಎಲ್ರೂ ಮಂಜಿನಾಗೆ ನಕಾಶೆ ಬಿಚ್ಕೊಂಡು ನಿಂತಿದ್ರು. ಆಲನ್ ಕಲ್ಲುಗುಡ್ಡೆಯಿಂದ ನೆಟ್ಟಗೆ ಅಂದಿದ್ನಲ್ಲ, ನಾನು ಕಂಡಿದ್ದ ಗುಡ್ಡೆ ನಮ್ದೊಂದೇ. ನೀವು ಕಟ್ಟಿದ ಮನೆ, ನಾನಿಟ್ಟ ಬಿಳಿ ಕಲ್ಲು, ಹಂಗೇ ನಿಂತಿತ್ತು. ಕೈ ಮುಗಿದು, ಕಣ್ಮುಚ್ಚಿ ಇಳಿದ್ಬಿಟ್ಟೆ."

ನಾನು ಅಲ್ಲಿಯೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಸುಸ್ತಾಗಿದೆ ಎಂದು ಎಲ್ಲರೂ ತಿಳಿದುಕೊಂಡರು. ಎಡ್ನಾ ಓಡಿಬಂದು ಕಂಬಳಿ ಹೊದಿಸಿ, ಆ ರಬ್ಬರ್ ಚೀಲವನ್ನು ಮಡಿಲಲ್ಲಿಟ್ಟರು. ಗುಂಪಿನ ಆಚೆ ಜ್ಯಾಕಜ್ಜ ನಿಂತಿದ್ದರು. ರಂಗನ ಕನ್ನಡ ಅವರಿಗೆ ತಿಳಿಯುವಂತಿರಲಿಲ್ಲ. ಆದರೆ ನನ್ನ ಮುಖ ನೋಡಿದವರು ಟೋಪಿ ತೆಗೆದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮತ್ತೆ ಹಾಕಿಕೊಂಡು ಮನೆ ಕಡೆ ನಡೆದರು.

ಮತ್ತೆ ಕಡೂರು

ಉಳಿದ ದಿನಗಳಲ್ಲಿ ಕುರಿಯ ಕಾಲು ಕೊಳೆಯುವ ರೋಗದ ಬಗ್ಗೆ ಬಹಳ ಕಲಿತೆವು. 

ರೈಲು ಕಡೂರಿಗೆ ಬಂದಾಗ ಬೆಳಗಿನ ಬಿಸಿಲು ಪ್ಲಾಟ್‌ಫಾರಂ ತುಂಬ ಇತ್ತು. ರಂಗ ರೈಲು ನಿಲ್ಲುವ ಮುಂಚೆಯೇ ಹಾರಿದ. ನಾನು ಅವನ ಪೆಟ್ಟಿಗೆಯನ್ನೂ ಹೊತ್ತು ಹಿಂದೆ ಇಳಿದೆ. ಕಮಲ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಆಮೇಲೆ ನನ್ನ ಹತ್ತಿರ ಬಂದಳು.

"ಮರುಳಣ್ಣ, ತೊಂದ್ರೆ ಕೊಟ್ರಾ ಇವ್ರು? ಎಲ್ಲಾದ್ರೂ ನೋಡ್ದೆ ಓಡಿದ್ರಾ?"

"ಒಂದು ಸಲ ಓಡ್ದ ಕಣಮ್ಮ" ಅಂದೆ.

"ಆಮೇಲೆ?"

"ದಾರಿ ಸರಿಯಾಗೇ ಇತ್ತು."

ಇಷ್ಟು ವರ್ಷವಾದರೂ ರಂಗನಿಗೆ ನಾನು ಉಳಿದದ್ದನ್ನು ಹೇಳಿಲ್ಲ. ಇದನ್ನು ಓದಿ ಅವನು ಅಜ್ಜಂಪುರಕ್ಕೆ ಬಂದೇ ಬರುತ್ತಾನೆ, ಬಾಗಿಲಲ್ಲೇ ನಿಂತು ಬೈಯುತ್ತಾನೆ. ಬೈದು ಮುಗಿಸಲಿ, ಆಮೇಲೆ ಒಳಗೆ ಕರೆಯುತ್ತೇನೆ.